ಮರದ ವಯಸ್ಸು ಕೇಳಿ ಗಿಡ ನೆಡಿ

ತೀರ್ಥಹಳ್ಳಿಯಿಂದ ತುರುವೇಕೆರೆ ಸೀಮೆಗೆ ಸೊಸೆಯಾಗಿ ಬಂದಾಗ ನನ್ನ ಜೊತೆ ಆರು ಕುಂಡ ಆಂಥೂರಿಯಂ ಬಂದಿದ್ದವು. ಮೊದಲ ಏಪ್ರಿಲ್ ಮುಗಿಯುವಷ್ಟರಲ್ಲಿ ಐದರ ಎಲೆ ಅಂಚು ಸೀದ ಹಪ್ಪಳದಂತಾಯಿತು. "ದಿನಾ ಎರಡು ಹೊತ್ತು ನೀರು ಹಾಕ್ತೀನಲ್ಲ ಅತ್ತೆ" ಅಂದೆ. "ಬೇರಿಗೆ ಹಾಕ್ತೀಯ ಕಣವ್ವ, ಗಾಳಿಗೆ ಯಾರು ಹಾಕೋರು?" ಅಂದರು.

ಮಲೆನಾಡಿನ ಸೆಖೆಯಲ್ಲಿ ಗಾಳಿಯೇ ಒದ್ದೆ. ಇಲ್ಲಿ 35 ಡಿಗ್ರಿ ದಾಟಿದ ಮಧ್ಯಾಹ್ನ ಒಣಗಾಳಿ ಎಲೆಯ ನೀರನ್ನು ಹೀರುತ್ತದೆ. ಬೇರು ಅಷ್ಟು ಬೇಗ ನೀರು ಮೇಲೆ ಕಳಿಸಲಾರದು, ಅಂಚು ಮೊದಲು ಸಾಯುತ್ತದೆ. ಆದರೆ ತೋಟಕ್ಕೆ ನೀರು ಬಿಟ್ಟ ಸಂಜೆ ತೆಂಗಿನ ಬುಡದಲ್ಲಿ ನಿಂತು ನೋಡಿ: ಬೆವರು ಆರದ ಸೆಖೆ, ಕಿವಿಯ ಹತ್ತಿರ ಸೊಳ್ಳೆ, ಥೇಟ್ ನನ್ನ ತವರು. ಒಂದೇ ಮನೆಗೆ ಎರಡು ಹವೆ.

ಅಂಗಳದ ಬಿಸಿಲಿಗೆ ದಾಸವಾಳ, ನಂದಿಬಟ್ಟಲು, ಕಾಗದದ ಹೂ ಸಾಕು. ಕಾಗದದ ಹೂವಿಗಂತೂ ನೀರು ಹೆಚ್ಚಾದರೆ ಬರೀ ಎಲೆ. ಕಣಗಿಲೆಯೂ ಬಾಡುವುದಿಲ್ಲ, ಆದರೆ ಅದರ ಎಲೆ, ಕಾಂಡ ಎಲ್ಲವೂ ವಿಷ. ಮೇಕೆ ಕಟ್ಟುವ ಮನೆಗೆ ಬೇಡ. ದುಂಡುಮಲ್ಲಿಗೆಯನ್ನು ಸಂಕ್ರಾಂತಿ ಆಸುಪಾಸು ಕತ್ತರಿಸಿಬಿಟ್ಟರೆ ಬೇಸಿಗೆಯಿಡೀ ಮೊಗ್ಗು.

ತೋಟದೊಳಗಿನ ಲೆಕ್ಕ ಬೇರೆ. ಅಲ್ಲಿ ಗಿಡಕ್ಕಿಂತ ಮೊದಲು ಮರದ ವಯಸ್ಸು ಕೇಳಬೇಕು. ಸುಮಾರು 8ರಿಂದ 25 ವರ್ಷದ ತೆಂಗಿನ ಗರಿ ತಗ್ಗಿನಲ್ಲೇ ಹಬ್ಬಿ ಬಿಸಿಲನ್ನು ತಡೆಯುತ್ತದೆ. ಅಲ್ಲಿ ಹೂವಿನಾಸೆ ಬಿಟ್ಟು ಕೆಸು, ವೀಳ್ಯದೆಲೆ, ಅರಿಶಿನ ಹಾಕುವುದು ಮೇಲು. ಮರ ಇನ್ನೂ ಎತ್ತರಕ್ಕೆ ಹೋದಂತೆ ಬಿಸಿಲು ಚುಕ್ಕಿ ಚುಕ್ಕಿಯಾಗಿ ಇಳಿಯುತ್ತದೆ. ನಮ್ಮ ಮಾವನ ಅಪ್ಪ ಇಟ್ಟ ಮರಗಳ ಕೆಳಗೆ ಕನಕಾಂಬರ ಮೇ ತಿಂಗಳಲ್ಲೂ ತಲೆ ಬಾಗಿಸುವುದಿಲ್ಲ. ನೀರು ನಿಂತರೆ ಮಾತ್ರ ಸೊರಗುತ್ತದೆ.

ತೆಂಗಿನ ಬೇರಿನ ಬಹುಪಾಲು ಬುಡದಿಂದ 2 ಮೀಟರ್ ಒಳಗೇ ಇರುತ್ತದೆ. ಅದರಾಚೆ ನೆಟ್ಟರೆ ಇಬ್ಬರಿಗೂ ಜಗಳವಿಲ್ಲ. ತಲೆಯ ಮೇಲಿನದನ್ನೂ ಮರೆಯಬೇಡಿ. ಚೆನ್ನಾಗಿರುವ ಮರ ವರ್ಷಕ್ಕೆ ಹನ್ನೆರಡು ಗರಿ ಬಿಡುತ್ತದೆ, ಹೆಚ್ಚುಕಡಿಮೆ ಅಷ್ಟನ್ನೇ ಬೀಳಿಸುತ್ತದೆ. ನನ್ನ ಕ್ರೋಟನ್ ಎರಡು ಸಲ ಜಜ್ಜಿಹೋಯಿತು. ಬುಡದಿಂದ ಚಿಗುರುವ ಜಾತಿಯೇ ಇಲ್ಲಿಗೆ ಸರಿ.

ಬೇಸಿಗೆಗೆ ನಮ್ಮ ದೊಡ್ಡ ಆಸ್ತಿ ಮಟ್ಟೆ. ಇದು ಉಂಡೆ ಕೊಬ್ಬರಿಯ ನಾಡು. ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಕೂತು ಸುಲಿಸಿಕೊಂಡಾಗ ಹಿತ್ತಲ ತುಂಬ ಮಟ್ಟೆಯ ಗುಡ್ಡೆ. ಒಣಮಟ್ಟೆ ಬೇಗ ನೀರು ಕುಡಿಯುವುದಿಲ್ಲ, ಒಂದು ದಿನ ತೊಟ್ಟಿಯಲ್ಲಿ ಮುಳುಗಿಸಿಡಬೇಕು. ಆಮೇಲೆ ಗುಂಡಿಯ ತಳದಲ್ಲಿ ಬೊಗಸೆ ಮೇಲಾಗಿ ಎರಡು ಸಾಲು ಜೋಡಿಸಿ, ಮಣ್ಣು ಮುಚ್ಚಿ, ಗಿಡ ಇಡುತ್ತೇನೆ. ಗಿಡದ ಸುತ್ತ ಹೊದಿಸುವ ಮಟ್ಟೆಯನ್ನು ಮಾತ್ರ ಬೋರಲು ಹಾಕುತ್ತೇನೆ. ಮೂರು ದಿನ ನೀರು ತಪ್ಪಿದ ಮೇಲೂ ಕೆಳಗೆ ಬೆರಳು ತೂರಿಸಿದರೆ ತಣ್ಣಗಿರುತ್ತದೆ.

2016ರಲ್ಲಿ ದಕ್ಷಿಣ ಭಾರತದ ತೆಂಗಿನಲ್ಲಿ ಕಾಣಿಸಿಕೊಂಡ ಸುರುಳಿಯಾಕಾರದ ಬಿಳಿನೊಣ ಹೊಸ ತಲೆನೋವು. ಗರಿಯಡಿ ಕೂತು ರಸ ಹೀರಿ ಅಂಟು ಸುರಿಸುತ್ತದೆ. ಕೆಳಗಿನ ಅಗಲ ಎಲೆಗಳ ಮೇಲೆ ಅದು ಕಪ್ಪು ಬೂಷ್ಟಾಗುತ್ತದೆ. ನಾನು ಒರೆಸಿ ಒರೆಸಿ ಸೋತೆ. ತೆಳು ಗಂಜಿ ಎರಚಿದರೆ ಒಣಗಿದ ಮೇಲೆ ಆ ಮಸಿ ಸಿಪ್ಪೆಯಂತೆ ಎದ್ದುಬರುತ್ತದೆ. ಮರದಡಿಯ ಮನಿ ಪ್ಲಾಂಟನ್ನು ಮಾತ್ರ ಜಗಲಿಗೆ ತಂದಿಟ್ಟೆ.

ಆರನೆಯ ಆಂಥೂರಿಯಂ ಬದುಕಿದೆ. ಬಚ್ಚಲ ಹಿಂದೆ, ನೀರಿನ ತೊಟ್ಟಿಗೆ ಒತ್ತಿಕೊಂಡು, ಹಳೇ ಮರದ ನೆರಳಿಗೆ ಅದನ್ನು ಸರಿಸಿದ್ದು ಅತ್ತೆಯೇ. "ಪೂಜೆಗೆ ಆಗಲ್ಲ, ವಾಸನೆ ಇಲ್ಲ, ಪ್ಲಾಸ್ಟಿಕ್ ಇದ್ದಂಗೈತೆ" ಅನ್ನುತ್ತಲೇ ಮುಖ ತೊಳೆದ ಚೊಂಬಿನಲ್ಲಿ ಉಳಿದ ನೀರನ್ನು ಅದರ ಬುಡಕ್ಕೆ ಚೆಲ್ಲುತ್ತಾರೆ.