ಮದುವೆ ಊಟ ಉಳಿದರೆ 1098ಕ್ಕೆ ಕರೆ ಮಾಡಬೇಕೇ? ಆ ನಂಬರ್ ಇರುವುದೇ ಬೇರೆ ಕೆಲಸಕ್ಕೆ

ಮದುವೆ ಸೀಸನ್ ಬಂತೆಂದರೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಹಳೆಯ ಸಂದೇಶ ಮತ್ತೆ ಓಡಾಡುತ್ತದೆ. ಕಾರ್ಯಕ್ರಮದಲ್ಲಿ ಅಡುಗೆ ಉಳಿದರೆ ಚೆಲ್ಲಬೇಡಿ, 1098ಕ್ಕೆ ಫೋನ್ ಮಾಡಿದರೆ ಅವರೇ ಬಂದು ಒಯ್ದು ಹಸಿದ ಮಕ್ಕಳಿಗೆ ಕೊಡುತ್ತಾರೆ, ಇದು ಪ್ರಧಾನಿಯವರೇ ಘೋಷಿಸಿದ ಯೋಜನೆ ಎಂಬುದು ಅದರ ಸಾರಾಂಶ. ಒಳ್ಳೆಯ ಕೆಲಸವೆಂದು ನಂಬಿ ಜನ ಮುಂದಕ್ಕೆ ಕಳಿಸುತ್ತಾರೆ.

ನಿಜ ಏನು?

ಈ ಸಂದೇಶ ಸುಳ್ಳು. 1098 ಮಕ್ಕಳ ಸಹಾಯವಾಣಿ. ಅಲ್ಲಿಂದ ಊಟ ಒಯ್ಯಲು ಯಾರೂ ಬರುವುದಿಲ್ಲ. ಈ ಸಹಾಯವಾಣಿಯನ್ನು ಆಗ ನಡೆಸುತ್ತಿದ್ದ ಚೈಲ್ಡ್‌ಲೈನ್ ಇಂಡಿಯಾ ಫೌಂಡೇಶನ್ ಕೂಡ ಇದನ್ನು ಸ್ಪಷ್ಟಪಡಿಸಿತ್ತು.

1996ರಲ್ಲಿ ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಯೋಜನೆಯಾಗಿ ಶುರುವಾದ ಈ ಸೇವೆ ಮುಂದೆ ದೇಶದ ತುಂಬ ಹಬ್ಬಿತು. 2023ರಿಂದ ಇದನ್ನು ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಡಿ ರಾಜ್ಯ ಸರ್ಕಾರಗಳಿಗೆ ವಹಿಸಿ, ತುರ್ತು ಸೇವೆ 112ರ ಜೊತೆ ಜೋಡಿಸಲಾಗುತ್ತಿದೆ. ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು. ಕಷ್ಟದಲ್ಲಿರುವ ಮಗುವೇ ಮಾಡಬಹುದು, ಮಗುವಿನ ಪರವಾಗಿ ಯಾರಾದರೂ ಮಾಡಬಹುದು.

ಮದುವೆಗೂ 1098ಕ್ಕೂ ಸಂಬಂಧ ಇದೆ

ಮದುವೆ ಮನೆಯಿಂದ ಈ ನಂಬರ್‌ಗೆ ಕರೆ ಹೋಗಬೇಕಾದ ಸಂದರ್ಭ ಒಂದಿದೆ. ಹಂದರದಲ್ಲಿ ಕೂತ ಹುಡುಗಿಗೆ 18 ತುಂಬಿಲ್ಲದಿದ್ದರೆ, ಅಥವಾ ಹುಡುಗನಿಗೆ 21 ತುಂಬಿಲ್ಲದಿದ್ದರೆ, ಕರೆ ಮಾಡಬೇಕು. ಅದೂ ಅಕ್ಕಿಕಾಳು ಬೀಳುವ ಮೊದಲು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 21ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಅಂದರೆ ಐವರಲ್ಲಿ ಒಬ್ಬರಿಗೆ.

ಕೊಪ್ಪಳ ಜಿಲ್ಲೆಯಲ್ಲಿ ಇದರ ಹಿಂದಿನ ಕಾರಣ ಊರಿನವರಿಗೆಲ್ಲ ಗೊತ್ತಿರುವುದೇ. ಕುಷ್ಟಗಿ, ಯಲಬುರ್ಗಾ ಕಡೆ ಹೆಚ್ಚಿನದು ಮಳೆ ನಂಬಿದ ಬೇಸಾಯ. ಮಳೆ ಕೈಕೊಟ್ಟರೆ ಗುಳೆ ಹೋಗಬೇಕು. ದೊಡ್ಡವಳಾದ ಮಗಳನ್ನು ಯಾರ ಹತ್ತಿರ ಬಿಟ್ಟು ಹೋಗುವುದು? ಹೈಸ್ಕೂಲು ದೂರ, ಹೊತ್ತಿಗೆ ಬಸ್ಸಿಲ್ಲ. ಅಕ್ಕನ ಮದುವೆಯ ಖರ್ಚಿನಲ್ಲೇ ತಂಗಿಯದೂ ಆಗಿಬಿಡಲಿ ಎಂಬ ಲೆಕ್ಕ. ಕಾಲುವೆ ನೀರಾವರಿ ಇರುವ ಗಂಗಾವತಿ ಕಡೆಯೂ ಕೂಲಿ ಮಾಡುವ ಮನೆಗಳ ಚಿಂತೆ ಬೇರೆಯಲ್ಲ. ಹೆತ್ತವರು ಕೆಟ್ಟವರೆಂದು ಇಂಥ ಮದುವೆ ನಡೆಯುವುದಿಲ್ಲ. ಬೇರೆ ದಾರಿ ಕಾಣದೆ ನಡೆಯುವುದೇ ಹೆಚ್ಚು.

“ಫೋನ್ ಮಾಡಿದರೆ ಮಗಳನ್ನು ಎಳೆದುಕೊಂಡು ಹೋಗುತ್ತಾರೆ”

ಜನ ಕರೆ ಮಾಡಲು ಹಿಂಜರಿಯುವುದು ಈ ಭಯಕ್ಕೆ. ಕರೆ ಬಂದ ಮೇಲೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯವರು, ಪೊಲೀಸರು, ಪಿಡಿಒ ಮುಂತಾದವರು ಮನೆಗೆ ಬಂದು ಮಾತಾಡುತ್ತಾರೆ, ವಯಸ್ಸಿನ ದಾಖಲೆ ನೋಡುತ್ತಾರೆ. ಸಾಮಾನ್ಯವಾಗಿ ಪೋಷಕರಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಮಾತಿಗೆ ಬಗ್ಗದಿದ್ದರೆ ಮದುವೆ ನಿಲ್ಲಿಸುವಂತೆ ನ್ಯಾಯಾಲಯದಿಂದ ತಡೆಯಾಜ್ಞೆ ತರಬಹುದು.

ಬಾಲಕಿಯನ್ನು ರಕ್ಷಿಸಿ ಕರೆತಂದರೆ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿಯಲ್ಲಿ ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರಿರುತ್ತಾರೆ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕಟ್ಟಕಡೆಯ ದಾರಿ. ಮನೆ ಸುರಕ್ಷಿತವಾಗಿದ್ದರೆ ಮಗು ಮನೆಗೇ ಮರಳುತ್ತದೆ.

“ಆಧಾರ್‌ನಲ್ಲಿ 18 ಆಗಿದೆಯಲ್ಲ”

ಇದೂ ಸಾಲದು. ಸಮಿತಿ ವಯಸ್ಸು ನಿರ್ಧರಿಸುವಾಗ ಮೊದಲು ನೋಡುವುದು ಶಾಲೆಯ ಜನ್ಮದಿನಾಂಕ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ವಯಸ್ಸು ನಿರ್ಧರಿಸಲು ಆಧಾರ್ ಸೂಕ್ತ ದಾಖಲೆಯಲ್ಲ ಎಂದು ಸುಪ್ರೀಂ ಕೋರ್ಟ್ ಅಕ್ಟೋಬರ್ 2024ರಲ್ಲಿ ಹೇಳಿದೆ.

“ತಾಳಿ ಕಟ್ಟಿದ ಮೇಲೆ ಏನೂ ಮಾಡೋಕಾಗಲ್ಲ”

ಕರ್ನಾಟಕದಲ್ಲಿ ಈ ಮಾತು ಈಗ ನಡೆಯುವುದಿಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ರಾಜ್ಯ ತಂದ ತಿದ್ದುಪಡಿ 2017ರಲ್ಲಿ ಜಾರಿಯಾಯಿತು. ಅಲ್ಲಿಂದೀಚೆಗೆ ಇಲ್ಲಿ ನಡೆದ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಅಂದರೆ ಕಾನೂನಿನ ಕಣ್ಣಲ್ಲಿ ಅದು ಮದುವೆಯೇ ಅಲ್ಲ. ಬೇರೆ ರಾಜ್ಯಗಳೂ ಇದೇ ದಾರಿ ಹಿಡಿದರೆ ಒಳ್ಳೆಯದು ಎಂದು ಸುಪ್ರೀಂ ಕೋರ್ಟ್ ಅದೇ ವರ್ಷ ಅಭಿಪ್ರಾಯಪಟ್ಟಿತು. ಇಂಥ ಮದುವೆ ಮಾಡಿಸಿದ ಪೋಷಕರಿಗೆ, ನಡೆಸಿಕೊಟ್ಟವರಿಗೆ, ಕುಮ್ಮಕ್ಕು ಕೊಟ್ಟವರಿಗೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು.

ಮದುವೆ ನಿಂತರೆ ಸಾಕೇ?

ಸಾಲದು. ಹತ್ತಿರದ ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಲ್ಲಿ 2014ರಿಂದ 2017ರವರೆಗೆ ‘ಸಮತಾ’ ಎಂಬ ಕಾರ್ಯಕ್ರಮ ನಡೆಯಿತು. ಪರಿಶಿಷ್ಟ ಜಾತಿ, ಪಂಗಡದ ಬಾಲಕಿಯರನ್ನು ಹೈಸ್ಕೂಲಿನಲ್ಲಿ ಉಳಿಸುವುದು, ಬಾಲ್ಯವಿವಾಹ ತಗ್ಗಿಸುವುದು ಅದರ ಗುರಿ. ಕಾರ್ಯಕ್ರಮ ನಡೆದ ಹಳ್ಳಿಗಳನ್ನೂ ನಡೆಯದ ಹಳ್ಳಿಗಳನ್ನೂ ಸಂಶೋಧಕರು ಹೋಲಿಸಿದಾಗ ಒಟ್ಟಾರೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಕೆಲವು ವರ್ಷಗಳ ತಿಳಿವಳಿಕೆ ಕಾರ್ಯಕ್ರಮದಿಂದಷ್ಟೇ ಈ ಸಮಸ್ಯೆ ಕರಗುವುದಿಲ್ಲ ಎಂದು ನಾವು ಇದರಿಂದ ಅರ್ಥ ಮಾಡಿಕೊಳ್ಳಬಹುದು. ಮದುವೆ ನಿಂತ ಮಾರನೆಯ ದಿನ ಹುಡುಗಿ ಶಾಲೆಗೆ ಹೋದಳೇ, ಹಾಸ್ಟೆಲ್ ಸಿಕ್ಕಿತೇ, ಮನೆಯವರು ಗುಳೆ ಹೋದಾಗ ಎಲ್ಲಿರುತ್ತಾಳೆ ಎಂದು ವಿಚಾರಿಸುವವರು ಬೇಕು. ಇಲ್ಲದಿದ್ದರೆ ಅದೇ ಮದುವೆ ಇನ್ನೊಂದು ಊರಿನಲ್ಲಿ ನಡೆಯಬಹುದು.

ಕಳಿಸುವುದಾದರೆ ಇದನ್ನು ಕಳಿಸಿ

ಉಳಿದ ಊಟವನ್ನು ಊರಲ್ಲೇ ಹಂಚಿ, 1098ರ ಸಾಲನ್ನು ಮಕ್ಕಳಿಗೆ ಬಿಟ್ಟುಕೊಡಿ. 18 ತುಂಬದ ಹುಡುಗಿಯ ಮದುವೆ ಗೊತ್ತಾಗಿದ್ದು ತಿಳಿದರೆ 1098 ಅಥವಾ 112ಕ್ಕೆ ಕರೆ ಮಾಡಿ. ಊರು, ದಿನ, ಮದುವೆ ಜಾಗ, ಹುಡುಗಿ ಓದುತ್ತಿದ್ದ ಶಾಲೆ ಇಷ್ಟು ಹೇಳಿದರೆ ಸಾಕು. ನಿಮ್ಮ ಹೆಸರು ಹೇಳಲೇಬೇಕೆಂದಿಲ್ಲ.