ಬಯಲುಸೀಮೆಯ ಮನೆಗಳಿಂದ ಕಲಿಯಲು ಬಹಳ ಉಂಟು

ಕಡಿಮೆ ಖರ್ಚಿನಲ್ಲಿ ಮನೆ ಅಚ್ಚುಕಟ್ಟು ಮಾಡುವ ಸಲಹೆಗಳಿಗೆ ಈಗ ಬರಗಾಲ ಇಲ್ಲ. ಮೊಬೈಲ್ ಒತ್ತಿದರೆ ನೂರು ಬರುತ್ತವೆ. ಆದರೆ ಅವುಗಳಲ್ಲಿ ಎಷ್ಟು ನಮ್ಮ ಮನೆಗೆ ಒಗ್ಗುತ್ತವೆ? ಯಾರೋ ತೋರಿಸಿದರು ಎಂದು ಕಿಟಕಿಗೆ ಒದ್ದೆ ಗೋಣಿ ಕಟ್ಟಿದರೆ ಮಂಗಳೂರಿನ ಮೇ ತಿಂಗಳ ಸೆಕೆಯಲ್ಲಿ ಕೋಣೆ ತಂಪಾಗುವುದಿಲ್ಲ, ಇನ್ನೂ ನಾಲ್ಕು ಹನಿ ಬೆವರು ಹೆಚ್ಚು ಬರುತ್ತದೆ. ಅದೇ ಗೋಣಿ ಚಳ್ಳಕೆರೆಯ ಕಿಟಕಿಯಲ್ಲಿ ಫ್ಯಾನಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಒಣಗಾಳಿ ಗೋಣಿಯ ನೀರನ್ನು ಬೇಗ ಆವಿ ಮಾಡುತ್ತದೆ, ಆವಿಯಾಗುವಾಗ ಗಾಳಿ ತಂಪಾಗುತ್ತದೆ. ನಮ್ಮ ಗಾಳಿಯಲ್ಲಿ ಮೊದಲೇ ನೀರು ತುಂಬಿದೆ, ಆವಿಗೆ ಜಾಗ ಎಲ್ಲಿ? ಸಲಹೆ ಸರಿಯೇ, ಹವೆ ಬೇರೆ.

ಆದ್ದರಿಂದ ಈ ವಾರ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಮನೆಬಳಕೆಯನ್ನು ನೋಡುವ. ವ್ಯಾಪಾರ, ಬೇಕರಿ, ಹೋಟೆಲು, ಮೇಷ್ಟ್ರ ಕೆಲಸ ಎಂದು ಘಟ್ಟ ಹತ್ತಿ ಬಯಲುಸೀಮೆಯಲ್ಲಿ ಸಂಸಾರ ಹೂಡಿದ ನಮ್ಮವರು ಇದ್ದಾರೆ. ಚಳ್ಳಕೆರೆ ತಾಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ ಇದೆ, ಅಲ್ಲಿ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಹೀಗೆ ಅಲ್ಲಿಗೆ ಹೋಗಿ ಇರುವವರಿಗೂ, ಇಲ್ಲೇ ಇದ್ದು ತಿಂಗಳ ಖರ್ಚು ಇಳಿಸಬೇಕು ಅನ್ನುವವರಿಗೂ ಈ ಬರಹ.

ಅಲ್ಲಿ ವರ್ಷದ ಮಳೆ 500 ಮಿಲಿಮೀಟರ್ ಆಸುಪಾಸು. ನಮ್ಮ ಕರಾವಳಿಯಲ್ಲಿ 3500 ದಾಟುತ್ತದೆ. ಏಳು ಪಟ್ಟು ವ್ಯತ್ಯಾಸ! ಅಲ್ಲಿನ ಮನೆಗಳು ಕಡಿಮೆ ನೀರಿನಲ್ಲಿ, ಧಾರಾಳ ಬಿಸಿಲಿನಲ್ಲಿ ಬದುಕುವುದನ್ನು ಕಲಿತಿವೆ. ಅವರ ಪದ್ಧತಿಗಳಲ್ಲಿ ಕೆಲವನ್ನು ಹಾಗೆಯೇ ತರಬಹುದು, ಕೆಲವನ್ನು ಬದಲಿಸಿ ತರಬೇಕು, ಕೆಲವನ್ನು ಅಲ್ಲಿಯೇ ಬಿಡಬೇಕು.

ಮೊದಲು ನೀರು

ಅಲ್ಲಿಗೆ ಹೋಗುವವರು ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ ಮಾತು ಇದು. ನಮ್ಮಲ್ಲಿ ನೀರಿನ ಮೇಲೆ ಸಂಶಯ ಬಂದರೆ ಕುದಿಸಿ ಆರಿಸಿ ಕುಡಿಯುತ್ತೇವೆ. ರೋಗಾಣು ಸಾಯಲು ಅದು ಸಾಕು. ಆದರೆ ಚಿತ್ರದುರ್ಗ ಜಿಲ್ಲೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಅದು ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದ ಹಾಗೆ ಉಳಿದ ನೀರಿನಲ್ಲಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತದೆ. ಸಾಮಾನ್ಯ ಕ್ಯಾಂಡಲ್ ಫಿಲ್ಟರೂ ಅದನ್ನು ಹಿಡಿಯುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಒಂದು ಲೀಟರಿನಲ್ಲಿ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ನಡೆಯುತ್ತದೆ. ಅದಕ್ಕಿಂತ ಹೆಚ್ಚಾದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ, ದೊಡ್ಡವರ ಗಂಟು, ಬೆನ್ನು ಬಿಗಿಯುತ್ತದೆ. ಹಲ್ಲು ಬೆಳೆಯುವ ವಯಸ್ಸಿನಲ್ಲಿ ಬಿದ್ದ ಕಲೆ ಆಮೇಲೆ ಯಾವ ಪೇಸ್ಟಿಗೂ ಹೋಗುವುದಿಲ್ಲ.

ಹಾಗಾದರೆ ಏನು ಮಾಡುವುದು? ಕುಡಿಯಲಿಕ್ಕೂ ಅಡುಗೆಗೂ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ತನ್ನಿ. ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ. ಸ್ನಾನ, ಬಟ್ಟೆ, ಪಾತ್ರೆಗೆ ಬೋರಿನ ನೀರು ಸಾಕು. ಬೇಳೆಯನ್ನೂ ಘಟಕದ ನೀರಿನಲ್ಲೇ ಬೇಯಿಸಿ. ಗಡಸು ನೀರಿನಲ್ಲಿ ಬೇಳೆ ಎಷ್ಟು ಹೊತ್ತಾದರೂ ಮೆತ್ತಗಾಗುವುದಿಲ್ಲ, ಗ್ಯಾಸ್ ಮಾತ್ರ ಖರ್ಚಾಗುತ್ತದೆ. ಮಕ್ಕಳಿಗೆ ಕಡು ಚಾಯ ಕೊಡುವ ಅಭ್ಯಾಸ ಇದ್ದರೆ ಬಿಡಿ, ಚಹಾ ಎಲೆಯಲ್ಲೂ ಫ್ಲೋರೈಡ್ ಉಂಟು. ಹಾಲು, ರಾಗಿ, ನೆಲ್ಲಿಕಾಯಿ ಊಟದಲ್ಲಿ ಇರಲಿ. ಹೊಸ ಮನೆಗೆ ಬಾಡಿಗೆ ಮಾತಾಡುವಾಗಲೇ ಬೋರಿನ ನೀರನ್ನು ಪರೀಕ್ಷೆ ಮಾಡಿಸಿದರೆ ಒಳ್ಳೆಯದು.

ಇನ್ನೊಂದು ದಾರಿ ಮಳೆನೀರು. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 50 ಚದರ ಮೀಟರ್, ಅಂದರೆ ಸುಮಾರು 540 ಚದರ ಅಡಿಯ ತಾರಸಿ ಇದ್ದರೆ, ಚಳ್ಳಕೆರೆಯ ಅಷ್ಟು ಕಡಿಮೆ ಮಳೆಯಲ್ಲೂ ವರ್ಷಕ್ಕೆ 25,000 ಲೀಟರ್ ಬೀಳುತ್ತದೆ. ಪೋಲಾಗುವುದನ್ನು ಕಳೆದರೂ 20,000 ಸಿಗುತ್ತದೆ. ಐದು ಜನರ ಮನೆಗೆ ಕುಡಿಯಲು, ಬೇಯಿಸಲು ದಿನಕ್ಕೆ 25 ಲೀಟರ್ ಸಾಕು. 5,000 ಲೀಟರಿನ ಒಂದು ಟ್ಯಾಂಕಿ ತುಂಬಿದರೆ 200 ದಿನ ಬಂತು! ಮೊದಲ ಮಳೆಯ ಕೊಳೆನೀರು ಹೊರಗೆ ಹೋಗಲಿ, ಟ್ಯಾಂಕಿಗೆ ಬಿಸಿಲು ತಾಗದಿರಲಿ, ಬಾಯಿಗೆ ಬಲೆ ಇರಲಿ. ಈ ನೀರಿನಲ್ಲಿ ಫ್ಲೋರೈಡಿನ ಹೆದರಿಕೆ ಇಲ್ಲ, ಕುದಿಸಿ ಕುಡಿದರೆ ಸಾಕು. ಈಗ ನಮ್ಮ ಲೆಕ್ಕ ಹಾಕಿ. ಅದೇ ಅಳತೆಯ ಮಾಡಿನ ಮೇಲೆ ಮಂಗಳೂರಿನಲ್ಲಿ ಒಂದೂಮುಕ್ಕಾಲು ಲಕ್ಷ ಲೀಟರ್ ಬೀಳುತ್ತದೆ. ಅಷ್ಟನ್ನೂ ತೋಡಿಗೆ ಬಿಟ್ಟು, ಏಪ್ರಿಲ್ ಬಂದಾಗ ಟ್ಯಾಂಕರಿಗೆ ಫೋನ್ ಮಾಡುತ್ತೇವೆ. 2019ರ ಬೇಸಿಗೆಯಲ್ಲಿ ಮಂಗಳೂರು ನಗರದಲ್ಲೇ ಸರದಿಯ ಮೇಲೆ ನೀರು ಬಿಟ್ಟದ್ದು ಮರೆತಿಲ್ಲವಷ್ಟೆ?

ವುಝೂವಿನ ನೀರಿನಲ್ಲೂ ಉಳಿತಾಯ ಉಂಟು. ಹಿಂದೆ ನಮ್ಮ ಮನೆಗಳ ಜಗಲಿಯಲ್ಲಿ ಕಿಂಡಿ ಇರುತ್ತಿತ್ತು. ಒಂದು ಕಿಂಡಿ ನೀರಿನಲ್ಲಿ ಮುಗಿಯುವ ವುಝೂವಿಗೆ ಪೂರ್ತಿ ತೆರೆದ ನಲ್ಲಿಯಲ್ಲಿ ಎಷ್ಟು ಹೋಗುತ್ತದೆ ಎಂದು ಕೆಳಗೆ ಬಕೆಟ್ ಇಟ್ಟು ಒಮ್ಮೆ ನೋಡಿ. ಬಕೆಟ್ಟಿನ ಆ ನೀರು ಬಾಳೆಗೋ ಕರಿಬೇವಿಗೋ ಆಯಿತು.

ಅಡುಗೆಮನೆ: ತೆಂಗಿನಕಾಯಿ ಬದಲು ಶೇಂಗಾ

ಚಳ್ಳಕೆರೆ ಎಣ್ಣೆ ಗಿರಣಿಗಳಿಗೆ ಹೆಸರಾದ ಊರು. ನಾವು ನೆಲಗಡಲೆ ಅನ್ನುವುದನ್ನು ಅಲ್ಲಿ ಶೇಂಗಾ, ಕಡಲೆಕಾಯಿ ಅನ್ನುತ್ತಾರೆ. ನಮಗೆ ತೆಂಗಿನಕಾಯಿ ಹೇಗೋ ಅವರಿಗೆ ಶೇಂಗಾ ಹಾಗೆ. ಘಟ್ಟದ ಮೇಲೆ ಮನೆ ಮಾಡಿದವರು ದಿನಾ ತೆಂಗಿನಕಾಯಿ ಕೊಂಡು ಪದಾರ್ಥ ಮಾಡುತ್ತೇವೆ ಎಂದರೆ ಸಂಬಳ ಸಾಲದು. ಕೋಳಿ ಪದಾರ್ಥಕ್ಕೆ ಅರ್ಧ ಕಾಯಿ ಅರೆಯುವಲ್ಲಿ ಒಂದು ಹಿಡಿ ಹುರಿದ ಶೇಂಗಾ, ಎರಡು ಚಮಚ ಹುರಿಗಡಲೆ ಅರೆದು ಹಾಕಿ ನೋಡಿ. ರಸ ದಪ್ಪ ಬರುತ್ತದೆ, ರುಚಿ ಬೇರೆಯಾದರೂ ಮಕ್ಕಳು ಬೇಡ ಅನ್ನುವುದಿಲ್ಲ. ಶೇಂಗಾ ಆಗದ ಶರೀರದವರು ಇರುತ್ತಾರೆ, ನೆಂಟರಿಗೆ ಬಡಿಸುವ ಮೊದಲು ಕೇಳಿಕೊಳ್ಳಿ.

ಚಟ್ನಿಪುಡಿ ಮಾಡುವುದು ಸುಲಭ. ಒಂದು ಲೋಟ ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ತಿಕ್ಕಿ ತೆಗೆಯಿರಿ. ಎಂಟು ಒಣಮೆಣಸು, ಒಂದು ಚಮಚ ಜೀರಿಗೆ ಬೇರೆಯಾಗಿ ಹುರಿಯಿರಿ. ಆರಿದ ಮೇಲೆ ಆರೇಳು ಎಸಳು ಬೆಳ್ಳುಳ್ಳಿ, ಸ್ವಲ್ಪ ಹುಣಸೆ, ಉಪ್ಪು ಸೇರಿಸಿ ತರಿತರಿಯಾಗಿ ಕುಟ್ಟಿ. ಮಿಕ್ಸಿಯಾದರೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ರೊಟ್ಟಿ, ಮುದ್ದೆ, ಗಂಜಿ ಯಾವುದಕ್ಕೂ ಆಗುತ್ತದೆ. ಮೀನು ಇಲ್ಲದ ದಿನ ಕುಚ್ಚಲಕ್ಕಿ ಗಂಜಿಗೆ ಇದೊಂದು ಇದ್ದರೆ ಸಾಕು.

ಕರಾವಳಿಯಲ್ಲಿ ಒಂದು ಎಚ್ಚರಿಕೆ ಬೇಕು. ಅಲ್ಲಿಯವರು ಚೀಲಗಟ್ಟಲೆ ಶೇಂಗಾ ಇಡುತ್ತಾರೆ ಎಂದು ನಾವು ಇಡಬಾರದು. ಮಳೆಗಾಲದ ತೇವಕ್ಕೆ ಅದರಲ್ಲಿ ಬೂಷ್ಟು ಬರುತ್ತದೆ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಅದು ಲಿವರಿಗೆ ಕೆಟ್ಟದು. ಹುರಿದರೂ ಪೂರ್ತಿ ಹೋಗುವುದಿಲ್ಲ. ಬಣ್ಣ ಕೆಟ್ಟ, ಸುಕ್ಕುಗಟ್ಟಿದ, ಕಹಿಯಾದ ಕಾಳನ್ನು ದುಡ್ಡು ಹೋಯಿತು ಎಂದು ಉಳಿಸಬೇಡಿ, ಬಿಸಾಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಾಲು ಕೆ.ಜಿ. ಲೆಕ್ಕದಲ್ಲಿ ಕೊಂಡರೆ ಸಾಕು.

ಜೋಳದ ರೊಟ್ಟಿ ನಮ್ಮಿಂದಾಗದು ಎಂದು ನಮ್ಮ ಹೆಂಗಸರು ಹೇಳುವುದುಂಟು. ಅಕ್ಕಿಯ ಪತ್ತಿರ್ ಮಾಡುವ ಕೈಗೆ ಜೋಳದ ರೊಟ್ಟಿ ಹೊಸತೇನಲ್ಲ. ಎರಡೂ ಹಿಟ್ಟುಗಳಲ್ಲಿ ಗೋಧಿಯ ಜಿಗುಟು ಇಲ್ಲ, ಆದ್ದರಿಂದ ಎರಡಕ್ಕೂ ಕುದಿಯುವ ನೀರು ಹಾಕಿ ಬಿಸಿ ಇರುವಾಗಲೇ ನಾದಬೇಕು. ರೊಟ್ಟಿ ಒಡೆದರೆ ಕೈಯನ್ನು ದೂರಬೇಡಿ. ಹಿಟ್ಟು ಹಳತಾಗಿರಬಹುದು. ಹತ್ತು ಹದಿನೈದು ದಿನಕ್ಕೆ ಬೇಕಾದಷ್ಟೇ ಗಿರಣಿಗೆ ಹಾಕಿಸಿ.

ಹುರುಳಿಯನ್ನು ಅಲ್ಲಿಯವರು ಎರಡು ಸಲ ಉಪಯೋಗಿಸುತ್ತಾರೆ. ಬೇಯಿಸಿ ಬಸಿದ ಕಟ್ಟಿನಿಂದ ಸಾರು, ಉಳಿದ ಕಾಳಿನಿಂದ ಪಲ್ಯ. ಒಂದು ಪಾತ್ರೆ, ಒಂದು ಉರಿ, ಎರಡು ಪದಾರ್ಥ.

ಡಬ್ಬಿ, ಕಾಳು, ಬಿಸಿಲು

ಅಂಗಡಿಗೆ ಹೋಗಿ ಚಂದದ ಪ್ಲಾಸ್ಟಿಕ್ ಡಬ್ಬಿಗಳ ಸೆಟ್ ಕೊಳ್ಳುವ ಮೊದಲು ಹಳೆಯ 15 ಕೆ.ಜಿ. ಎಣ್ಣೆ ಡಬ್ಬವನ್ನು ನೆನಪಿಸಿಕೊಳ್ಳಿ. ಬಾಯಿ ಕತ್ತರಿಸಿ, ಅಂಚನ್ನು ಸುತ್ತಿಗೆಯಿಂದ ಒಳಕ್ಕೆ ಮಡಚಿ, ಬಿಸಿನೀರು ಸೀಗೆಪುಡಿಯಲ್ಲಿ ತೊಳೆದು ಒಣಗಿಸಿದರೆ ಅಕ್ಕಿಗೂ ರಾಗಿಗೂ ಆಯಿತು. ಹೊರಗೆ ಒಂದೇ ಬಣ್ಣ ಬಳಿದು ಸಾಲಾಗಿ ಇಟ್ಟರೆ ಅಡುಗೆಮನೆಗೆ ಅದೇ ಅಲಂಕಾರ. ತೂತಾದ ಡಬ್ಬದಲ್ಲಿ ಪುದಿನ, ಕೊತ್ತಂಬರಿ ಬೆಳೆಯಬಹುದು.

ತೊಗರಿಬೇಳೆಗೆ ಕೆ.ಜಿ.ಗೆ ಒಂದು ಚಮಚ ಹರಳೆಣ್ಣೆ ಸವರಿ ಬಿಸಿಲಿಗೆ ಹಾಕಿ ತುಂಬಿಟ್ಟರೆ ಹುಳ ಬೇಗ ಬರುವುದಿಲ್ಲ. ಬೇಯಿಸುವ ಮೊದಲು ಬಿಸಿನೀರಿನಲ್ಲಿ ತೊಳೆದರಾಯಿತು. ಕಾಳಿನ ನಡುವೆ ಒಣಗಿದ ಬೇವಿನೆಲೆ ಹಾಕುವುದು ಎಲ್ಲರಿಗೂ ಗೊತ್ತುಂಟು. ಪೂರ್ತಿ ಒಣಗಿದ ಎಲೆಯೇ ಆಗಬೇಕು, ಹಸಿ ಎಲೆ ಹಾಕಿದರೆ ಅದರ ತೇವಕ್ಕೇ ಕಾಳು ಕೆಡುತ್ತದೆ.

ಅಲ್ಲಿ ವರ್ಷದ ಹೆಚ್ಚಿನ ದಿನ ಒಣಗಿಸಬಹುದು. ನಮಗೆ ಸಿಗುವುದು ಫೆಬ್ರವರಿಯಿಂದ ಮೇ ನಡುವಿನ ತನಕ. ಹಲಸಿನ ಹಪ್ಪಳ, ಮೆಣಸು, ಮಲ್ಲಿ, ಹುಣಸೆ ಎಲ್ಲ ಆ ದಿನಗಳಲ್ಲೇ ಮುಗಿಯಬೇಕು. ಬಿಸಿಲಿನಿಂದ ತೆಗೆದ ಕೂಡಲೇ ಡಬ್ಬಿಗೆ ತುಂಬಬೇಡಿ. ನೆರಳಲ್ಲಿ ಆರಿಸಿ, ಬಿಸಿ ಹೋದ ಮೇಲೆ ಮುಚ್ಚಿ. ಊರಿಂದ ಒಣಮೀನು ಒಯ್ಯುವವರಿಗೆ ಘಟ್ಟದ ಮೇಲಿನ ಒಣಹವೆ ಉಪಕಾರಿ. ಆಗಾಗ ಒಂದು ಗಂಟೆ ಬಿಸಿಲು ತೋರಿಸಿದರೆ ಬಹಳ ದಿನ ಬರುತ್ತದೆ. ಅದನ್ನು ಬಿಚ್ಚುವ ಮೊದಲು ನೆರೆಮನೆಯವರ ನೆನಪಿರಲಿ!

ಕಂಬಳಿ, ಕೌದಿ, ರೇಷ್ಮೆ

ಹಬ್ಬಕ್ಕೆ, ಮದುವೆಗೆ ಮನೆ ಚಂದ ಕಾಣಬೇಕು ಎಂದು ಹೊಸ ಪರದೆ, ಹೊಸ ಸೋಫಾ ಕವರಿಗೆ ಸಾಲ ಮಾಡುವ ಮನೆಗಳಿವೆ. ಚಳ್ಳಕೆರೆ ಕುರಿಯುಣ್ಣೆಯ ಕಂಬಳಿಗೆ ಹೆಸರಾದದ್ದು. ನೇಯ್ದ ಕಂಬಳಿಗೆ ಹುಣಸೆಬೀಜದ ಗಂಜಿ ಕೊಟ್ಟು ಗಟ್ಟಿ ಮಾಡುತ್ತಾರೆ. ಒರಟು ಅನ್ನಿಸಬಹುದು, ಆದರೆ ನೆಲದ ಮೇಲೆ ಹಾಸಿದರೆ ಹತ್ತು ಜನ ಕುಳಿತು ಉಣ್ಣುವ ಹಾಸು, ರಾತ್ರಿಗೆ ಹೊದಿಕೆ. ಮೆಷಿನ್‌ಗೆ ಹಾಕಬೇಡಿ, ಕೊಡವಿ ಬಿಸಿಲಿಗೆ ಹಾಕಿದರೆ ಸಾಕು. ಇಲ್ಲಿ ಮಳೆ ಹಿಡಿಯುವ ಮೊದಲು ಎರಡು ದಿನ ಬಿಸಿಲು ತೋರಿಸಿ, ಒಣಬೇವಿನೆಲೆಯೊಂದಿಗೆ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಚೀಲ ಬೇಡ.

ಕೌದಿ ಎಂದರೆ ಹಳೆ ಸೀರೆಗಳನ್ನು ಪದರ ಪದರವಾಗಿ ಇಟ್ಟು ಕೈಯಲ್ಲಿ ಹೊಲಿದ ಹೊದಿಕೆ. ನಾಲ್ಕೈದು ಹತ್ತಿ ಸೀರೆ, ಸೂಜಿ, ದಪ್ಪ ನೂಲು ಇದ್ದರೆ ಆಯಿತು. ಉಮ್ಮನ ಸೀರೆ, ಇತ್ತನ ಸೀರೆ ಸೇರಿಸಿ ಹೊಲಿದದ್ದನ್ನು ಹಳೆಯ ಸೋಫಾದ ಮೇಲೆ ಹಾಸಿದರೆ ಹೊಸ ಕವರಿನ ಮಾತೇ ಬರುವುದಿಲ್ಲ.

ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಕೈಮಗ್ಗದಲ್ಲಿ ನೇಯ್ದ ಇಂತಹ ಸೀರೆ ಕಪಾಟಿನಲ್ಲೇ ಹಾಳಾಗುವುದು ನಮ್ಮಲ್ಲಿ ಹೆಚ್ಚು, ಕಾರಣ ತೇವ. ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ. ಮೂರು ನಾಲ್ಕು ತಿಂಗಳಿಗೊಮ್ಮೆ ಬಿಚ್ಚಿ ನೆರಳಿನ ಗಾಳಿಗೆ ಹಾಕಿ, ಮಡಿಕೆ ಬದಲಿಸಿ. ನುಸಿಗುಳಿಗೆ ಜರಿಗೆ ತಾಗಬಾರದು. ಒಡಲು ಹರಿದ ಸೀರೆಯ ಅಂಚು, ಸೆರಗು ಗಟ್ಟಿ ಇರುತ್ತದೆ. ಅಂಚನ್ನು ಸಾದಾ ಹತ್ತಿ ಪರದೆಯ ಕೆಳಗೆ ಹೊಲಿಯಿರಿ, ಸೆರಗಿನಿಂದ ಎರಡು ದಿಂಬಿನ ಕವರ್ ಆಗುತ್ತದೆ. ಕತ್ತರಿ ಹಾಕುವ ಮೊದಲು ಜರಿ ಅಸಲು ಬೆಳ್ಳಿಯದೋ ಎಂದು ತಿಳಿದವರಿಗೆ ತೋರಿಸಿ. ಅಸಲಾದರೆ ಅದಕ್ಕೇ ಬೆಲೆ ಉಂಟು.

ಯಾವುದು ಎಲ್ಲಿಗೆ

ಒದ್ದೆ ಗೋಣಿಯ ಪರದೆ, ಚೀಲದಲ್ಲಿ ಶೇಂಗಾ ಇಡುವುದು ಅಲ್ಲಿಗೇ ಇರಲಿ. ಚಟ್ನಿಪುಡಿ, ಹುರುಳಿಕಟ್ಟು, ಎಣ್ಣೆ ಡಬ್ಬ, ಕೌದಿ ಎರಡೂ ಕಡೆ ನಡೆಯುತ್ತದೆ. ತಾರಸಿಗೆ ಸುಣ್ಣ ಬಳಿದರೆ ಅಲ್ಲಿಯೂ ಇಲ್ಲಿಯೂ ಬಿಸಿಲಿನ ಕಾವು ಕಡಿಮೆಯಾಗುತ್ತದೆ, ಇಲ್ಲಿ ಮಾತ್ರ ಪ್ರತಿ ಮಳೆಗಾಲದ ನಂತರ ಮತ್ತೆ ಬಳಿಯಬೇಕು.

ಎಲ್ಲವನ್ನೂ ಒಟ್ಟಿಗೆ ಮಾಡಲು ಹೊರಡಬೇಡಿ, ಕೆಲಸವೆಲ್ಲ ಮನೆಯ ಒಬ್ಬಳ ತಲೆಗೇ ಬೀಳುತ್ತದೆ. ಗಂಡಸರು ಡಬ್ಬ ಮಡಚಲಿ, ಟ್ಯಾಂಕಿಗೆ ಪೈಪ್ ಜೋಡಿಸಲಿ, ಮಕ್ಕಳು ಶೇಂಗಾ ಸಿಪ್ಪೆ ತೆಗೆಯಲಿ. ಬಯಲುಸೀಮೆಯಲ್ಲಿ ಮಗಳೋ ಮಗನೋ ಸಂಸಾರ ಹೂಡಿದ್ದರೆ ಇವತ್ತೇ ಫೋನ್ ಮಾಡಿ ಒಂದು ಮಾತು ಕೇಳಿ: ಕುಡಿಯುವ ನೀರು ಯಾವುದು, ಬೋರಿನದೋ ಘಟಕದ್ದೋ? ಉಳಿದ ಸಲಹೆಗಳಿಗೆ ಮುಂದಿನ ತಿಂಗಳಾದರೂ ಆಗುತ್ತದೆ. ಬೆಳೆಯುವ ಮಕ್ಕಳ ಹಲ್ಲು ಅಲ್ಲಿಯ ತನಕ ಕಾಯುವುದಿಲ್ಲ.