ಪದವಿ ಬಂತು, ಆರ್ಕಿಟೆಕ್ಟ್ ಆಗುವುದು ಯಾವಾಗ?

ಪಿಯುಸಿ ಫಲಿತಾಂಶ ಬಂದ ವಾರ ಮೈಸೂರಿನ ನನ್ನ ಆಫೀಸಿಗೆ ಮನೆ ಕಟ್ಟಿಸುವವರಿಗಿಂತ ಮಕ್ಕಳನ್ನು ಕರೆದುಕೊಂಡು ಬರುವ ಅಪ್ಪ-ಅಮ್ಮಂದಿರೇ ಹೆಚ್ಚು. ‘ನಮ್ಮ ಹುಡುಗಿ ಚೆನ್ನಾಗಿ ಚಿತ್ರ ಬರೀತಾಳೆ ಮೇಡಂ, ಆರ್ಕಿಟೆಕ್ಚರ್‌ಗೆ ಸೇರಿಸೋಣ್ವಾ?’ ಚಿತ್ರ ಬರೆಯುವ ಕೈ ಇದ್ದರೆ ಒಳ್ಳೆಯದೇ. ಆದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿರಲೇಬೇಕು. ಜೊತೆಗೆ ಆರ್ಕಿಟೆಕ್ಚರ್ ಪ್ರವೇಶದ ‘ನಾಟಾ’ ಪರೀಕ್ಷೆ ಬರೆಯಬೇಕು. ಎನ್‌ಐಟಿಯಂಥ ಸಂಸ್ಥೆಗಳಿಗೆ ಹೋಗುವ ಆಸೆಯಿದ್ದರೆ ಜೆಇಇ ಮೇನ್‌ನ ಆರ್ಕಿಟೆಕ್ಚರ್ ಪತ್ರಿಕೆ ಬೇರೆ. ನಮ್ಮ ರಾಜ್ಯದ ಕಾಲೇಜುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಪಿಯುಸಿ ಅಂಕವನ್ನೂ ನಾಟಾ ಅಂಕವನ್ನೂ ಸೇರಿಸಿ ರ‍್ಯಾಂಕ್ ಕೊಡುತ್ತದೆ.

ಬಿ.ಆರ್ಕ್ ಓದು 5 ವರ್ಷ. ಇಂಜಿನಿಯರಿಂಗಿಗಿಂತ ಒಂದು ವರ್ಷ ಹೆಚ್ಚು. ಪಾಠಕ್ಕಿಂತ ಸ್ಟುಡಿಯೋದಲ್ಲಿ ಕಳೆಯುವ ಹೊತ್ತೇ ಜಾಸ್ತಿ. ಸಬ್ಮಿಷನ್ ಹಿಂದಿನ ರಾತ್ರಿ ಮಾಡೆಲ್‌ಗೆ ಫೆವಿಕಾಲ್ ಹಚ್ಚುತ್ತಾ ಬೆಳಗು ಮಾಡದ ವಿದ್ಯಾರ್ಥಿ ಸಿಗುವುದು ಕಷ್ಟ. ಮರುದಿನ ಜ್ಯೂರಿ. ಹೊರಗಿನಿಂದ ಬಂದ ಆರ್ಕಿಟೆಕ್ಟ್‌ಗಳು ಶೀಟುಗಳ ಮುಂದೆ ನಿಂತು, ‘ಮಳೆ ಯಾವ ಕಡೆಯಿಂದ ಹೊಡೆಯುತ್ತೆ? ಅಜ್ಜಿ ರಾತ್ರಿ ಬಚ್ಚಲಿಗೆ ಹೇಗೆ ಹೋಗ್ತಾರೆ?’ ಎಂದು ಕೇಳುತ್ತಾರೆ. ಅಲ್ಲಿ ಚಂದದ ಬಣ್ಣ ಕೈಹಿಡಿಯುವುದಿಲ್ಲ.

ಕಟ್ಟಡಗಳನ್ನು ಕಂಡು, ಅಳೆದು ಕಲಿಯುವುದೂ ಓದೇ. ನಮ್ಮ ಬ್ಯಾಚು ಒಂದು ಹಳೆಯ ತೊಟ್ಟಿಮನೆಯ ಕಂಬ, ಬಾಗಿಲು, ಸೂರಿನ ಇಳಿಜಾರನ್ನು ಟೇಪು ಹಿಡಿದು ಅಳೆದು ನಕ್ಷೆ ಮಾಡಿತ್ತು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ನೋಡಲು ಹೋದಾಗ ಮೇಷ್ಟ್ರು ಮೊದಲು ಹೇಳಿದ್ದು ‘ಫೋಟೋ ಆಮೇಲೆ, ಮೊದಲು ನಡೀರಿ’ ಅಂತ. ಆ ಕಲ್ಲಿನ ಗೋಡೆಗಳ ನಡುವಿನ ಉದ್ದ ಓಣಿಗಳಲ್ಲಿ ನಡೆದರೆ ಬಿಸಿಲು ನೆರಳು ಬದಲಾಗುವುದು ಮೈಗೇ ತಿಳಿಯುತ್ತದೆ. ಅದನ್ನು ವಿನ್ಯಾಸ ಮಾಡಿದವರು ಬಿ.ವಿ. ದೋಶಿ. 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯ.

ಕೋರ್ಸಿನ ಕೊನೆಯ ಹಂತದಲ್ಲಿ ಒಬ್ಬ ಆರ್ಕಿಟೆಕ್ಟರ ಕೈಕೆಳಗೆ ಟ್ರೈನಿಂಗ್ ಇರುತ್ತದೆ. ದೊಡ್ಡ ದೊಡ್ಡ ಕಟ್ಟಡ ಕೊಡುತ್ತಾರೆ ಅಂದುಕೊಂಡು ಹೋದರೆ ಕೈಗೆ ಬರುವುದು ಬಾತ್‌ರೂಮಿನ ಡ್ರಾಯಿಂಗ್. ಇದು ಶಿಕ್ಷೆಯಲ್ಲ. ಪೈಪು ಹಾಯಲು ಸ್ಲ್ಯಾಬ್ ಎಷ್ಟು ಕೆಳಗಿಳಿಯಬೇಕು, ನೀರು ನಹಾನಿ ಟ್ರ್ಯಾಪಿನ ಕಡೆ ಹರಿಯುವಂತೆ ನೆಲಕ್ಕೆ ಎಷ್ಟು ವಾಟ ಕೊಡಬೇಕು, ಟೈಲು ಎಲ್ಲಿಂದ ಶುರುವಾಗಬೇಕು ಎಲ್ಲವೂ ಆ ಆರಡಿ-ಎಂಟಡಿ ಜಾಗದಲ್ಲಿದೆ. ನನ್ನ ಟ್ರೈನಿಂಗಿನಲ್ಲಿ ಟೈಲಿನ ಮೇಸ್ತ್ರಿಯೊಬ್ಬರು ಹೇಳಿದ್ದರು: ‘ಮೇಡಂ, ಕಟ್ ಮಾಡಿದ್ ಟೈಲು ಬಾಗ್ಲತ್ರ ಬಂದ್ರೆ ಕಾಲಿಡ್ತಿದ್ದಂಗೇ ಕಣ್ಣಿಗ್ ಬೀಳುತ್ತೆ. ಬಾಗ್ಲಿಂದ ಇಡೀ ಟೈಲ್ ಹಾಕ್ಕೊಂಡೋಗನ, ತುಂಡು ಆಚೆ ಗೋಡೆಗೋಗ್ಲಿ.’ ಇವತ್ತಿಗೂ ನಮ್ಮ ಆಫೀಸಿನ ಪ್ರತಿ ಟೈಲ್ ಡ್ರಾಯಿಂಗಿನಲ್ಲಿ ಬಾಣದ ಗುರುತು ಬಾಗಿಲಿನಿಂದಲೇ ಹೊರಡುತ್ತದೆ.

ಥೀಸಿಸ್ ಮುಗಿಯಿತು, ಪದವಿ ಬಂತು. ಆದರೂ ಕಾನೂನಿನ ಪ್ರಕಾರ ನೀವಿನ್ನೂ ಆರ್ಕಿಟೆಕ್ಟ್ ಅಲ್ಲ. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯಂತೆ ದೆಹಲಿಯ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ಹೆಸರು ನೋಂದಾಯಿಸಿ, ‘ಸಿಎ’ ಎಂದು ಶುರುವಾಗುವ ನಂಬರು ಪಡೆದ ಮೇಲೆಯೇ ಹೆಸರಿನ ಜೊತೆ ‘ಆರ್ಕಿಟೆಕ್ಟ್’ ಎಂದು ಹಾಕಿಕೊಳ್ಳಬಹುದು. ಮನೆಯ ಪ್ಲಾನ್ ಬೇರೆಯವರೂ ಹಾಕಬಹುದು. ನೋಂದಣಿ ಇಲ್ಲದವರು ವಿನ್ಯಾಸದ ಕೆಲಸ ಮಾಡುವುದನ್ನು ಈ ಕಾಯ್ದೆ ತಡೆಯುವುದಿಲ್ಲ, ತಾವು ಆರ್ಕಿಟೆಕ್ಟ್ ಎಂದು ಹೇಳಿಕೊಳ್ಳುವುದನ್ನಷ್ಟೇ ತಡೆಯುತ್ತದೆ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿದೆ.

ಅಮೆರಿಕದಲ್ಲಿ ಲೈಸೆನ್ಸ್ ಬೇಕಾದರೆ ಸಾಮಾನ್ಯವಾಗಿ 3,740 ಗಂಟೆಗಳ ಕೆಲಸದ ಅನುಭವ ದಾಖಲಾಗಬೇಕು, ಪರೀಕ್ಷೆಯನ್ನೂ ಪಾಸು ಮಾಡಬೇಕು. ಬ್ರಿಟನ್ನಿನಲ್ಲೂ ಓದಿನ ಜೊತೆಗೆ ಕೆಲಸದ ಅನುಭವ ತೋರಿಸಬೇಕು. ನಮ್ಮಲ್ಲಿ ಪದವಿ ಕೈಗೆ ಬಂದ ಕೂಡಲೇ ನೋಂದಣಿಗೆ ಅರ್ಜಿ ಹಾಕಬಹುದು. ಅದು ಅನುಕೂಲವೂ ಹೌದು, ಅಪಾಯವೂ ಹೌದು. ಮೇಸ್ತ್ರಿ, ಪ್ಲಂಬರ್, ಸ್ಟ್ರಕ್ಚರಲ್ ಇಂಜಿನಿಯರ್ ಇವರೆಲ್ಲರ ನಡುವೆ ಒಂದೆರಡು ಕಟ್ಟಡವಾದರೂ ತಳಪಾಯದಿಂದ ಗೃಹಪ್ರವೇಶದವರೆಗೆ ಕಾಣದೆ ಸ್ವಂತ ಬೋರ್ಡು ಹಾಕಬೇಡಿ ಎಂದು ನನ್ನ ಬಳಿ ಬರುವ ಹುಡುಗರಿಗೆ ಹೇಳುತ್ತೇನೆ. ಹಾಗೆ ಬೇರೆಯವರ ಕೈಕೆಳಗೆ ಕಲಿಯುವ ವರ್ಷಗಳ ಸಂಬಳ ಸಾಫ್ಟ್‌ವೇರ್ ಗೆಳೆಯರ ಮುಂದೆ ಹೇಳಿಕೊಳ್ಳುವಂತಿರುವುದಿಲ್ಲ. ಇದನ್ನು ಮನೆಯವರೂ ಮೊದಲೇ ತಿಳಿದಿರಬೇಕು.

ಹಾಗಾಗಿ ಎರಡು ಮಾತು. ಮಕ್ಕಳನ್ನು ಸೇರಿಸುವ ಮುಂಚೆ, ಆ ಕಾಲೇಜಿಗೆ ಆ ವರ್ಷ ಕೌನ್ಸಿಲ್ಲಿನ ಅನುಮೋದನೆ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ನೋಂದಣಿಗೆ ತೊಡಕಾದೀತು. ಮನೆ ಕಟ್ಟಿಸುವವರಾದರೆ ಆರ್ಕಿಟೆಕ್ಟ್ ಅಂದವರ ನೋಂದಣಿ ನಂಬರನ್ನು ಸಂಕೋಚವಿಲ್ಲದೆ ಕೇಳಿ. ನಿಜವಾದ ಆರ್ಕಿಟೆಕ್ಟ್ ಬೇಸರಪಟ್ಟುಕೊಳ್ಳುವುದಿಲ್ಲ.